ಮೂಳೆ ಡಾಕ್ಟರಿಗೆ ಕೇಳಿ: ಕಾಲು ಉದ್ದ ಮಾಡಿಸಿದ ಮೇಲೆ ರಾಡ್ ಕಡಿಮೆ ಖರ್ಚಿನಲ್ಲಿ ತೆಗೆಸುವುದು ಎಲ್ಲಿ?

ಡೊಂಬಿವಲಿ: ನಮಸ್ಕಾರ ಡಾಕ್ಟ್ರೇ. ಎರಡು ವರ್ಷದ ಹಿಂದೆ ಟರ್ಕಿಯಲ್ಲಿ ಎರಡೂ ತೊಡೆಮೂಳೆ ಉದ್ದ ಮಾಡಿಸಿಕೊಂಡೆ. ಮೂಳೆಯೊಳಗೆ ಪ್ರಿಸೈಸ್ ಎಂಬ ಅಯಸ್ಕಾಂತದ ರಾಡ್ ಇದೆ, ಹೊರಗಿಂದ ಅಯಸ್ಕಾಂತದ ಯಂತ್ರ ಹಿಡಿದರೆ ಉದ್ದವಾಗುವಂಥದ್ದು. ತೆಗೆಯಲು ಇಲ್ಲಿ ಮೂರೂವರೆ ಲಕ್ಷ ಕೇಳುತ್ತಿದ್ದಾರೆ. ಮುಂಬೈಯಲ್ಲಿ ಕಡಿಮೆಗೆ ಎಲ್ಲಿ ಆಗುತ್ತದೆ?

ಡಾಕ್ಟರ್: ಮೊದಲು ಆಪರೇಷನ್ ನೋಟ್, ರಾಡ್-ಸ್ಕ್ರೂಗಳ ಸ್ಟಿಕ್ಕರ್ ಹುಡುಕಿ. ಆ ರಾಡಿಗೆ ಹೊಂದುವ, ತೆಗೆಯುವ ಸಾಧನಗಳ ಸೆಟ್ ಇಲ್ಲದೆ ಕೈ ಹಾಕಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಮುಂಬೈ ಪಾಲಿಕೆಯ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳ ಮೂಳೆ ಒಪಿಡಿಗೆ ಆ ಕಾಗದ ಹಿಡಿದು ಹೋಗಿ. ಖಾಸಗಿಯಾದರೆ ಸೆಟ್ ಬಾಡಿಗೆ, ಸಿ-ಆರ್ಮ್ (ಆಪರೇಷನ್ ನಡೆಯುವಾಗ ಬಳಸುವ ಎಕ್ಸ್‌ರೇ ಯಂತ್ರ), ಅರಿವಳಿಕೆ ಎಲ್ಲ ಸೇರಿದೆಯಾ ಎಂದು ಬರಹದಲ್ಲಿ ತಗೊಳ್ಳಿ. ರಾಡ್ ಇರುವ ತನಕ ಎಂಆರ್‌ಐ ಬೇಡ.

ಮುಲುಂಡ್: ವಿಮೆ ಸಿಗುತ್ತಾ?

ಡಾಕ್ಟರ್: ಬರೀ ಎತ್ತರಕ್ಕೆ ಮಾಡಿಸಿದ್ದರೆ ಸಾಮಾನ್ಯವಾಗಿ ಇಲ್ಲ. ಪಾಲಿಸಿ ಓದಿ.

ಪಿಂಪ್ರಿ: ಬೈಕ್ ಅಪಘಾತದಿಂದ ತಮ್ಮನ ಒಂದು ಕಾಲು ಗಿಡ್ಡವಾಗಿತ್ತು. ರಾಡ್ ಹಾಕಿ ಮೊಣಕಾಲಿನ ಕೆಳಗಿನ ಮೂಳೆ ಆರು ಸೆಂ.ಮೀ. ಎಳೆದಿದ್ದಾರೆ. ಆಪರೇಷನ್ ಆಗಿ ಎಂಟು ತಿಂಗಳು. ಮಂಡಿ ಮುಂದೆ ನೋವು. ಹತ್ತಿರದ ನರ್ಸಿಂಗ್ ಹೋಮಿನವರು ನಲವತ್ತು ಸಾವಿರಕ್ಕೆ ರಾಡ್ ತೆಗೆಯುತ್ತಾರಂತೆ. ಮುಂದಿನ ವಾರ ಡೇಟ್. ಎಕ್ಸ್‌ರೇ ಹಾಕಿದ್ದೇನೆ.

ಡಾಕ್ಟರ್: ಆ ಡೇಟ್ ರದ್ದು ಮಾಡಿ. ಮೂಳೆ ಕತ್ತರಿಸಿ ಎಳೆದ ಜಾಗದಲ್ಲಿ ಹೊಸ ಮೂಳೆ ಬೆಳೆಯಬೇಕು. ಎದುರಿನ ಎಕ್ಸ್‌ರೇಯಲ್ಲಿ ಅದರ ಎರಡು ಗೋಡೆ ಕಾಣುತ್ತವೆ, ಪಕ್ಕದ್ದರಲ್ಲಿ ಇನ್ನೆರಡು. ನಾಲ್ಕರಲ್ಲಿ ಮೂರಾದರೂ ಗಟ್ಟಿಯಾಗಿ ಕೂಡಿರಬೇಕು. ನಿಮ್ಮ ತಮ್ಮನಿಗೆ ಹಿಂದಿನದು ಚೆನ್ನಾಗಿದೆ, ಒಳಗಿನದು ಪರವಾಗಿಲ್ಲ. ಮುಂದಿನದು ಇನ್ನೂ ಮೋಡದ ಹಾಗಿದೆ, ಹೊರಗಿನದು ಕಾಣುವುದೇ ಇಲ್ಲ. ಈಗ ಭಾರ ಹೊರುತ್ತಿರುವುದು ರಾಡು. ಅದನ್ನು ಎಳೆದರೆ ಮೆಟ್ಟಿಲು ಇಳಿಯುವಾಗಲೂ ಮುರಿಯಬಹುದು. ಆಮೇಲೆ ಮತ್ತೆ ರಾಡು, ಮತ್ತೆ ಖರ್ಚು. ದಿನಕ್ಕೆ ಸುಮಾರು ಒಂದು ಮಿ.ಮೀ. ಎಳೆಯುತ್ತಾರೆ, ಆರು ಸೆಂ.ಮೀ.ಗೆ ಎರಡು ತಿಂಗಳು ಸಾಕು. ಗಟ್ಟಿಯಾಗಲು ಅದಕ್ಕಿಂತ ಬಹಳ ಜಾಸ್ತಿ ಬೇಕು. ಸಾಮಾನ್ಯವಾಗಿ ವರ್ಷ ತುಂಬದೆ ತೆಗೆಯುವುದಿಲ್ಲ. ಮಂಡಿ ಮುಂದಿನ ನೋವು ಇಂಥ ರಾಡ್ ಹಾಕಿದವರಲ್ಲಿ ಮಾಮೂಲು. ತೆಗೆದರೂ ಪೂರ್ತಿ ಹೋಗುತ್ತದೆ ಎಂಬ ಖಾತ್ರಿ ಇಲ್ಲ. ಜ್ವರ, ಕೆಂಪು, ಕೀವು ಇದ್ದರೆ ಮಾತ್ರ ಕಾಯಬೇಡಿ, ಪುಣೆಯ ಸಸೂನ್ ಸರ್ಕಾರಿ ಆಸ್ಪತ್ರೆಗೆ ಹೋಗಿ. ಸಿಗರೇಟು ಸೇದುತ್ತಾನಾ?

ಥಾಣೆ: ಫಾರ್ವರ್ಡ್ ಬಂದದ್ದು: ಮಂಗರವಳ್ಳಿ ರಸ ಕುಡಿದು, ಅಯಸ್ಕಾಂತದ ಬೆಲ್ಟ್ 21 ದಿನ ಕಟ್ಟಿದರೆ ಮೂಳೆ ಕಬ್ಬಿಣ 🙏

ವಾಸ್ಕೋ: ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ಈ ರಾಡ್ ತೆಗೆಯುತ್ತಾರಾ ಡಾಕ್ಟ್ರೇ?

ಡಾಕ್ಟರ್: ಥಾಣೆಯವರೇ, ಒಳಗೆ ಅಯಸ್ಕಾಂತದ ರಾಡ್ ಇರುವವರೂ ಇದನ್ನು ಓದುತ್ತಿದ್ದಾರೆ. ಅವರು ಹೊರಗಿಂದ ಅಯಸ್ಕಾಂತ ಕಟ್ಟಬೇಕಾ? ಯಾರೂ ಕಟ್ಟಬೇಡಿ. ಈ ಮೆಸೇಜ್ ಮೊದಲೂ ಬಂದಿತ್ತು, ಮೊದಲೂ ಬೇಡ ಅಂದಿದ್ದೆ.

ಥಾಣೆ: ಒಳ್ಳೇದಕ್ಕೆ ಹಾಕಿದ್ದು ಸರ್. ಬೈಯೋದು ಯಾಕೆ?

ವಸೈ: ದೇವರು ಕೊಟ್ಟ ಎತ್ತರ ಸಾಲದೆ ಟರ್ಕಿಗೆ ಹೋದವರಿಗೆ ಈಗ ಕಡಿಮೆಗೆ ಬೇಕಂತೆ.

ಡೊಂಬಿವಲಿ: ಅಂಕಲ್, ನಿಮ್ಮ ಮಗಳಿಗೆ 'ಐದು ಅಡಿ ಎಂಟು ಇಂಚಿಗೆ ಮೇಲಿನ ವರ ಬೇಕು' ಎಂದು ಇದೇ ಗುಂಪಿನಲ್ಲಿ ಹಾಕಿದ್ದು ನೀವೇ ಅಲ್ವಾ?

ವಸೈ: ಮನೆ ವಿಷಯ ಎಳೆಯಬೇಡಿ. ಹಿರಿಯರ ಹತ್ತಿರ ಮಾತಾಡುವ ರೀತಿಯಾ ಇದು?

ಮುಲುಂಡ್: ಸುಮ್ನೆ ಮಂಗಳೂರಿಗೆ ಹೋಗಿ ಮಾಡಿಸಿ, ಅಗ್ಗ.

ಥಾಣೆ: ನಿಮಗೆ ಎಲ್ಲದಕ್ಕೂ ಮಂಗಳೂರೇ. ಹೋಗಿಬರುವ ಖರ್ಚು, ರಜೆ ಯಾರು ಕೊಡ್ತಾರೆ?

ಘಾಟ್ಕೋಪರ್: ಡಾಕ್ಟ್ರೇ, ಕಡಿಮೆಗೆ ಎಲ್ಲಿ ಆಗುತ್ತೆ?

ಡಾಕ್ಟರ್: ಮೇಲೆ ಓದಿ.

ಚೆಂಬೂರ್: ಟ್ರಸ್ಟ್ ಆಸ್ಪತ್ರೆಗಳಲ್ಲಿ?

ಡಾಕ್ಟರ್: ಮಹಾರಾಷ್ಟ್ರದ ಧರ್ಮಾದಾಯ (ಟ್ರಸ್ಟ್) ಆಸ್ಪತ್ರೆಗಳು ನೂರಕ್ಕೆ 10 ಹಾಸಿಗೆ ಬಡವರಿಗೆ ಉಚಿತ, ಇನ್ನೂ 10 ರಿಯಾಯಿತಿಯಲ್ಲಿ ಇಡಬೇಕು. ಆದಾಯ ಮಿತಿ ಇದೆ. ತಹಶೀಲ್ದಾರರ ಪತ್ರ, ರೇಷನ್ ಕಾರ್ಡ್ ತಗೊಂಡು ಅಲ್ಲಿನ ಸಮಾಜಸೇವಾ ವಿಭಾಗದಲ್ಲಿ ಕೇಳಿ. ಟರ್ಕಿಗೆ ಹೋಗಿಬಂದವರು ಅಲ್ಲಿ ಸಾಲು ಹಚ್ಚಬೇಡಿ.

ಡೊಂಬಿವಲಿ: ನೀವೂ ಶುರು ಮಾಡಿದಿರಾ ಸರ್?

ಪಿಂಪ್ರಿ: ಮುಂಗಡ ಐದು ಸಾವಿರ ವಾಪಸ್ ಕೊಡಲ್ಲ ಅಂತಿದ್ದಾರೆ ಡಾಕ್ಟ್ರೇ.

ಡಾಕ್ಟರ್: ಹೋಗಲಿ ಬಿಡಿ. ಸಿಗರೇಟಿನ ಉತ್ತರ ಬಂದಿಲ್ಲ.

ಪಿಂಪ್ರಿ: ಸೇದುತ್ತಾನೆ. ದಿನಕ್ಕೆ ಒಂದು ಪ್ಯಾಕ್.

ಡಾಕ್ಟರ್: ಮೂಳೆ ನಿಧಾನವಾಗಲು ಅದೂ ಕಾರಣ. ಇವತ್ತೇ ನಿಲ್ಲಿಸಲಿ. ರಾಡ್ ಹಾಕಿದ ಸರ್ಜನ್‌ಗೇ ಈ ಎಕ್ಸ್‌ರೇ ತೋರಿಸಿ. ಆರು ವಾರದ ಮೇಲೆ ಎರಡೂ ಕಡೆಯಿಂದ ಹೊಸದು ತೆಗೆಸಿ ನನಗೆ ಬೇರೆಯಾಗಿ ಕಳಿಸಿ, ಇಲ್ಲಿ ಹಾಕಬೇಡಿ.

ಥಾಣೆ: ಬೆಲ್ಟ್ ತಗೊಂಡಾಗಿದೆ. ಬೆನ್ನಿಗೆ ಕಟ್ಟಬಹುದಾ?