ನಲಿಕಲಿ ಮಕ್ಕಳಿಗೆ ಯಾವ ಪುಸ್ತಕ ತಗೊಳ್ಳಲಿ?

ನಲಿಕಲಿ ಟೀಚರ್, ಹಿರಿಯೂರು ಕಡೆ:
ನಲಿಕಲಿ ಅಂದ್ರೆ ಆಟ, ಹಾಡಿನ ಜೊತೆ ಕಲಿಸೋ ಪದ್ಧತಿ; 1ರಿಂದ 3ನೇ ತರಗತಿ ಒಂದೇ ಕೋಣೆಯಲ್ಲಿ. ಹಳೇ ವಿದ್ಯಾರ್ಥಿಯೊಬ್ಬರು ಪುಸ್ತಕಕ್ಕೆ ಅಂತ 2,000 ರೂಪಾಯಿ ಕೊಟ್ಟಿದ್ದಾರೆ. ಹಿಂದೆ ಬಂದ ಕಟ್ಟಿನಲ್ಲಿ ದಪ್ಪ ಜೀವನಚರಿತ್ರೆಗಳೇ ಜಾಸ್ತಿ, ಬೀರುವಿನಲ್ಲೇ ಕೂತಿವೆ. ಮೂರನೇ ತರಗತಿಯ ಒಬ್ಬಳು ‘ಕಾಗೆ’, ‘ಮೊಲ’ ಸಲೀಸಾಗಿ ಓದುತ್ತಾಳೆ. ‘ನಕ್ಷತ್ರ’ ಬಂದರೆ ಬೆರಳು ಅಲ್ಲೇ ನಿಲ್ಲುತ್ತೆ. ಅಂಥವರಿಗೆ ಏನು ಕೊಡಲಿ? ನನಗೂ ಓದೋಕೆ ಒಂದು ಹೇಳಿ. ತರಬೇತಿ ಪಿಡಿಎಫ್ ಬೇಡ ಮಾರಾಯ್ರೇ.

ಸಿಆರ್‌ಪಿ (ಶಾಲೆಗಳ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ), ತುಮಕೂರು:
ಮೇಡಂ, ದುಡ್ಡು ಹಾಕೋ ಮೊದಲು ಪ್ರಥಮ್ ಬುಕ್ಸ್ ಪ್ರಕಾಶನದವರ ಮಕ್ಕಳ ಕಥೆಗಳ ವೆಬ್‌ಸೈಟ್ ಸ್ಟೋರಿವೀವರ್ ನೋಡಿ. ಉಚಿತ. ಓದುವ ಹಂತ 1ರಿಂದ 4ರವರೆಗೆ ಬೇರೆ ಬೇರೆ ಇಟ್ಟಿದ್ದಾರೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕಬಹುದು. ಆದರೆ ಹಂತದ ನಂಬರ್ ಒಂದನ್ನೇ ನಂಬಬೇಡಿ. ಒಂದು ಪುಟದಲ್ಲಿ ಎಷ್ಟು ಒತ್ತಕ್ಷರ ಇದೆ ನೋಡಿ. ಆಮೇಲೆ ಜೋರಾಗಿ ಓದಿ. ಕೆಲವು ಅನುವಾದಗಳಲ್ಲಿ ನಮಗೇ ನಾಲಿಗೆ ತಿರುಗಲ್ಲ.

ನಿವೃತ್ತ ಮೇಷ್ಟ್ರು, ಧಾರವಾಡ:
ನಿಮಗೆ ಗುಜರಾತಿನ ಶಿಕ್ಷಣ ಚಿಂತಕ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’. ಒಬ್ಬ ಮೇಷ್ಟ್ರು ನಾಲ್ಕನೇ ತರಗತಿ ಕೇಳಿ ಪಡೆದು, ಪಾಠ ಬಿಟ್ಟು ಕಥೆಯಿಂದ ಶುರು ಮಾಡ್ತಾನೆ. ಸಣ್ಣ ಪುಸ್ತಕ. ನಿಮ್ಮದೇ ಕೋಣೆ ಅನ್ಸುತ್ತೆ.

ನಲಿಕಲಿ ಟೀಚರ್:
ಥ್ಯಾಂಕ್ಸ್ ಸರ್. ಪ್ರಿಂಟ್‌ಗೆ ಸ್ವಲ್ಪ ದುಡ್ಡು ಎತ್ತಿಡ್ತೀನಿ. ಉಳಿದದ್ದಕ್ಕೆ ದೊಡ್ಡ ಚಿತ್ರದ ಪುಸ್ತಕ, ಒಂದೊಂದೂ ಎರಡೆರಡು ಪ್ರತಿ. ಒಂದೇ ತಂದರೆ ಜಗಳ ಬಿಡಿಸೋದೇ ಕೆಲಸ ಆಗುತ್ತೆ ಅಲ್ವಾ!