ಚೆನ್ನೈ ಕಡಲಲ್ಲಿ ಚಂಡಮಾರುತ, ಬ್ಯಾಡಗಿ ಕಣದಲ್ಲಿ ಮಳೆ

ಈ ವಾರ ಗುಂಪಿನವರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ನಮ್ಮ ಹಿರಿಯ ಸದಸ್ಯರು. ಹವಾಮಾನ ವೀಕ್ಷಕರಾಗಿ ಕರಾವಳಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, ನಿವೃತ್ತಿಯಾದ ಮೇಲೆ ಧಾರವಾಡದಲ್ಲಿದ್ದಾರೆ.

ಪ್ರಶ್ನೆ (ಬ್ಯಾಡಗಿ ಕಡೆಯ ರೈತರು): ನಮಸ್ಕಾರ ಸರ್. ಡಿಸೆಂಬರ್‌ನಲ್ಲಿ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಹರವಿರುತ್ತೇವೆ. ಟಿವಿಯಲ್ಲಿ ಚೆನ್ನೈ ಹತ್ತಿರ ಚಂಡಮಾರುತ ಅಂತಾರೆ. ಎರಡು ದಿನಕ್ಕೆ ನಮ್ಮಲ್ಲಿ ಮೋಡ ಕವಿದು ಜಿಟಿಜಿಟಿ ಮಳೆ ಶುರು. ಅಷ್ಟು ದೂರ ಮುಟ್ಟುವ ಶಕ್ತಿ ಅದಕ್ಕೆ ಎಲ್ಲಿಂದ ಬರುತ್ತದೆ?

ಉತ್ತರ: ನಮಸ್ಕಾರ ಅಣ್ಣಾವ್ರೆ. ಸಮುದ್ರದ ಬಿಸಿಯಿಂದ ಬರುತ್ತದೆ. ಆ ಬಿಸಿಯನ್ನು ಹೊತ್ತು ತರುವುದು ಆವಿ.

ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಕೈಗೆ ಹಬೆ ಹೊಡೆದರೆ ಎಷ್ಟು ಸುಡುತ್ತದೆ ಅಂತ ಮನೆಯಲ್ಲಿ ಕೇಳಿ ನೋಡಿ. ನೀರು ಆವಿಯಾಗುವಾಗ ಒಲೆಯಿಂದ ಎಳೆದುಕೊಂಡ ಬಿಸಿ ಆವಿಯೊಳಗೇ ಅಡಗಿ ಕೂತಿರುತ್ತದೆ. ಕೈ ಮೇಲೆ ಅದು ಮತ್ತೆ ನೀರಾದಾಗ ಅಷ್ಟನ್ನೂ ಅಲ್ಲೇ ಬಿಟ್ಟುಬಿಡುತ್ತದೆ. ಈ ಬಿಸಿ ಸಣ್ಣದಲ್ಲ. 30 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ತನಕ ಕಾಯಿಸಲು ಒಂದು ಪಾಲು ಬಿಸಿ ಬೇಕು ಅಂದುಕೊಳ್ಳಿ. ಕುದಿಯುತ್ತಿರುವ ಆ ನೀರನ್ನು ಪೂರ್ತಿ ಬತ್ತಿಸಲು ಏಳೂವರೆ ಪಾಲಿಗಿಂತ ಜಾಸ್ತಿ ಬೇಕು.

ಸಮುದ್ರದ ಮೇಲೆ ಒಲೆ ಅಂದರೆ ಸೂರ್ಯ. ಕಾದ ನೀರು ಆವಿಯಾಗಿ ಮೇಲೇರುತ್ತದೆ. ಮೇಲೆ ತಣ್ಣಗಾಗಿ ಮೋಡದ ಹನಿಯಾಗುತ್ತದೆ, ಅಡಗಿದ್ದ ಬಿಸಿ ಹೊರಬರುತ್ತದೆ. ಅದರಿಂದ ಸುತ್ತಲಿನ ಗಾಳಿ ಬಿಸಿಯಾಗಿ, ಹಗುರಾಗಿ, ಇನ್ನೂ ಮೇಲಕ್ಕೆ ಹೋಗುತ್ತದೆ. ಕೆಳಗೆ ಒತ್ತಡ ಇಳಿಯುತ್ತದೆ. ಅದನ್ನು ತುಂಬಲು ನಾಲ್ಕೂ ಕಡೆಯಿಂದ ಗಾಳಿ ನುಗ್ಗುತ್ತದೆ, ಬರುವಾಗ ಮತ್ತಷ್ಟು ಆವಿ ಹೊತ್ತು ತರುತ್ತದೆ.

ಇಲ್ಲೊಂದು ಮುಖ್ಯವಾದ ಮಾತಿದೆ. ಗಾಳಿ ಬೀಸುವ ದಿನ ನಿಮ್ಮ ಕಣದ ಕಾಯಿ ಬೇಗ ಒಣಗುತ್ತದೆ, ಅಲ್ವಾ? ಸಮುದ್ರದ್ದೂ ಹಾಗೇ. ಗಾಳಿ ಜೋರಾದಷ್ಟೂ ಆವಿ ಜಾಸ್ತಿ, ಆವಿ ಜಾಸ್ತಿಯಾದಷ್ಟೂ ಗಾಳಿ ಜೋರು. ಚಂಡಮಾರುತ ತನ್ನ ಊಟವನ್ನು ತಾನೇ ಬಡಿಸಿಕೊಳ್ಳುತ್ತದೆ.

ಲೆಕ್ಕ ಬೇಕಾದರೆ ನಿಮ್ಮ ಹೊಲದ್ದೇ ಹಾಕೋಣ. ಒಂದು ಎಕರೆಗೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ಅದು ಮೋಡದಲ್ಲಿ ಹನಿಯಾಗುವಾಗ ಬಿಟ್ಟ ಬಿಸಿ ಸುಮಾರು 27 ಸಾವಿರ ಯೂನಿಟ್ ಕರೆಂಟಿಗೆ ಸಮ. ತಿಂಗಳಿಗೆ 100 ಯೂನಿಟ್ ಸುಡುವ ಮನೆಗೆ 22 ವರ್ಷ ಸಾಕು. ಒಂದು ಎಕರೆಗೇ ಇಷ್ಟು. ಚಂಡಮಾರುತದ ಮಳೆ ನೂರಾರು ಕಿಲೋಮೀಟರ್ ಅಗಲಕ್ಕೆ, ದಿನಗಟ್ಟಲೆ ಸುರಿಯುತ್ತದೆ. ಆ ಬಿಸಿಯಲ್ಲಿ ಗಾಳಿಯ ವೇಗವಾಗಿ ಬದಲಾಗುವುದು ಸ್ವಲ್ಪವೇ ಭಾಗ. ಮರ ಬುಡಮೇಲು ಮಾಡಲು ಅಷ್ಟೇ ಸಾಕು.

ಪ್ರಶ್ನೆ (ಅದೇ ರೈತರು): ಹಾಗಾದರೆ ಆ ಗಾಳಿ ನಮ್ಮ ತನಕ ಯಾಕೆ ಬರುವುದಿಲ್ಲ?

ಉತ್ತರ: ನೆಲದ ಮೇಲೆ ಬಂದ ಕೂಡಲೇ ಆವಿ ಸಿಗುವುದು ನಿಲ್ಲುತ್ತದೆ. ಒಲೆಯಿಂದ ಕಟ್ಟಿಗೆ ಹಿರಿದ ಹಾಗೆ. ಮರ, ಮನೆ, ಗುಡ್ಡಗಳಿಗೆ ಉಜ್ಜಿ ವೇಗವೂ ಇಳಿಯುತ್ತದೆ. ಪೂರ್ವ ಕರಾವಳಿ ದಾಟಿ ಹಾವೇರಿ ಕಡೆ ಬರುವಷ್ಟರಲ್ಲಿ ಗಾಳಿಯ ಜೋರು ಮುಗಿದಿರುತ್ತದೆ, ಮೋಡ ಮತ್ತು ತೇವ ಉಳಿದಿರುತ್ತವೆ. ನಿಮ್ಮ ಕಾಯಿ ತೋಯಿಸುವುದು ಆ ಉಳಿಕೆ.

ಅರಬ್ಬಿ ಸಮುದ್ರದವು ಹೆಚ್ಚಾಗಿ ನಮ್ಮ ಕಡೆ ತಿರುಗುವುದೇ ಇಲ್ಲ. 2021ರ ಮೇ ತಿಂಗಳ ತೌಕ್ತೆ ನೆನಪಿರಬೇಕು. ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿ, 17ರ ರಾತ್ರಿ ಗುಜರಾತಿಗೆ ಅಪ್ಪಳಿಸಿತು.

ಪ್ರಶ್ನೆ (ಹುಬ್ಬಳ್ಳಿ, ಪಿಯುಸಿ ವಿದ್ಯಾರ್ಥಿನಿ): ಸರ್, ಸಮುದ್ರದ ನೀರು 26.5 ಡಿಗ್ರಿ ದಾಟಿದರೆ ಚಂಡಮಾರುತ ಆಗುತ್ತದೆ ಅಂತ ಓದಿದ್ದೇನೆ. ನಮ್ಮ ಸಮುದ್ರ ವರ್ಷದಲ್ಲಿ ಬಹಳ ದಿನ ಅದಕ್ಕಿಂತ ಬಿಸಿ ಇರುತ್ತದಲ್ಲ? ಮತ್ತೆ ಯಾವಾಗಲೂ ಯಾಕೆ ಆಗುವುದಿಲ್ಲ?

ಉತ್ತರ: ಬಹಳ ಒಳ್ಳೆಯ ಪ್ರಶ್ನೆ ಪುಟ್ಟಿ. ಬಿಸಿ ನೀರು ಬೇಕು, ಆದರೆ ಅದೊಂದೇ ಸಾಲದು.

ಮೊದಲನೆಯದು ಆಳ. ಬೇಸಿಗೆಯಲ್ಲಿ ಹೊಲದ ಬಾವಿಗೆ ಇಳಿದವರಿಗೆ ಗೊತ್ತು, ಎದೆ ಮಟ್ಟದ ನೀರು ಬೆಚ್ಚಗಿರುತ್ತದೆ, ಕಾಲ ಹತ್ತಿರ ಕೊರೆಯುತ್ತದೆ. ಸಮುದ್ರದಲ್ಲೂ ಮೇಲಿನ ಬಿಸಿ ಪದರ ತೆಳ್ಳಗಿದ್ದರೆ, ಬಿರುಗಾಳಿಯೇ ನೀರನ್ನು ಕಲಕಿ ಕೆಳಗಿನ ತಣ್ಣೀರನ್ನು ಮೇಲೆ ತಂದು ತನ್ನ ಒಲೆ ಆರಿಸಿಕೊಳ್ಳುತ್ತದೆ. ಅದಕ್ಕೇ ಸುಮಾರು 50 ಮೀಟರ್ ಆಳದ ತನಕ ನೀರು ಬೆಚ್ಚಗಿರಬೇಕು.

ಎರಡನೆಯದು ತಿರುಗುವಿಕೆ. ಭೂಮಿ ತಿರುಗುವುದರಿಂದ, ನಮ್ಮ ಉತ್ತರಾರ್ಧದಲ್ಲಿ ಒಳಗೆ ನುಗ್ಗುವ ಗಾಳಿ ತನ್ನ ಬಲಕ್ಕೆ ವಾಲುತ್ತದೆ. ಹಾಗಾಗಿ ನಡುವಿಗೆ ನೇರ ಮುಟ್ಟದೆ ಸುತ್ತಲು ಶುರು ಮಾಡುತ್ತದೆ. ಮೇಲಿನಿಂದ ನೋಡಿದರೆ ನಾವು ಗುಡಿಗೆ ಹಾಕುವ ಪ್ರದಕ್ಷಿಣೆಗೆ ಎದುರು ದಿಕ್ಕು. ಭೂಮಧ್ಯರೇಖೆಯ ಹತ್ತಿರ ಈ ವಾಲಿಕೆ ಇಲ್ಲದಷ್ಟು ಕಡಿಮೆ. ಅಲ್ಲಿ ನೀರು ಎಷ್ಟು ಬಿಸಿ ಇದ್ದರೂ 5 ಡಿಗ್ರಿ ಅಕ್ಷಾಂಶದ ಒಳಗೆ ಚಂಡಮಾರುತ ಹುಟ್ಟುವುದು ಬಲು ಅಪರೂಪ.

ಮೂರನೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದಿನಾ ಬೆಳಿಗ್ಗೆ ಐದೂವರೆಗೆ, ಸಂಜೆ ಐದೂವರೆಗೆ ನಾವು ಬಲೂನ್ ಬಿಡುತ್ತಿದ್ದೆವು. ಕೆಳಗೆ ದಾರಕ್ಕೆ ಒಂದು ಸಣ್ಣ ಪೆಟ್ಟಿಗೆ, ಅದರೊಳಗೆ ಬಿಸಿ, ತೇವ, ಒತ್ತಡ ಅಳೆಯುವ ಉಪಕರಣ. ಜುಲೈನಲ್ಲಿ ಬಿಟ್ಟ ಬಲೂನ್ ಮೊದಲು ಘಟ್ಟದ ಕಡೆ, ಅಂದರೆ ಪೂರ್ವಕ್ಕೆ ಓಡುತ್ತಿತ್ತು. ತುಂಬ ಎತ್ತರಕ್ಕೆ ಹೋದ ಮೇಲೆ ಹಿಂದಕ್ಕೆ ತಿರುಗಿ ಸಮುದ್ರದ ಕಡೆ ಬರುತ್ತಿತ್ತು. ಕೆಳಗೆ ಪಡುವಣ ಗಾಳಿ, ಮೇಲೆ ಮೂಡಣ ಗಾಳಿ. ಇಂಥ ಆಕಾಶದಲ್ಲಿ ಚಂಡಮಾರುತ ನೆಟ್ಟಗೆ ನಿಲ್ಲಲು ಆಗುವುದಿಲ್ಲ. ಬಣವಿ ಒಟ್ಟುವಾಗ ಮೇಲಿನ ಮೇವನ್ನು ಯಾರೋ ಒಂದು ಕಡೆಗೆ, ಕೆಳಗಿನದನ್ನು ಇನ್ನೊಂದು ಕಡೆಗೆ ಎಳೆದ ಹಾಗೆ. ಮೋಡದಲ್ಲಿ ಬಿಟ್ಟ ಬಿಸಿ ನಡುವಿನ ಮೇಲೆ ಕೂಡಿ ನಿಲ್ಲದೆ ಹರಿದು ಹೋಗುತ್ತದೆ. ಮುಂಗಾರಿನ ನಡುವೆ ಅಷ್ಟು ಮಳೆ ಬಂದರೂ ದೊಡ್ಡ ಚಂಡಮಾರುತ ಹುಟ್ಟದಿರುವುದು ಇದರಿಂದ. ನಮ್ಮ ಎರಡೂ ಕಡಲಿಗೆ ಮುಂಗಾರಿನ ಹಿಂದೆ-ಮುಂದೆ, ಅಂದರೆ ಮೇ-ಜೂನ್ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್, ಅದರ ಕಾಲ.

ಪ್ರಶ್ನೆ (ಧಾರವಾಡ, ಗೃಹಿಣಿ): ನನ್ನ ಮಗ ಫ್ಲೋರಿಡಾದಲ್ಲಿದ್ದಾನೆ. ಅಲ್ಲಿ ಹರಿಕೇನ್ ಅಂತಾರೆ. ಅದು ಬೇರೆಯದಾ?

ಉತ್ತರ: ಬೇರೆ ಅಲ್ಲ ಅಕ್ಕಾ, ಒಂದೇ. ಅಟ್ಲಾಂಟಿಕ್ ಕಡೆ ಹರಿಕೇನ್, ಚೀನಾ-ಜಪಾನ್ ಕಡೆ ಟೈಫೂನ್, ನಮ್ಮಲ್ಲಿ ಸೈಕ್ಲೋನ್. ಅಲ್ಲಿನ ಹಲವು ದೊಡ್ಡ ಹರಿಕೇನ್‌ಗಳ ಮೊಳಕೆ ಆಫ್ರಿಕಾದ ಪಶ್ಚಿಮ ತೀರದಿಂದ ಹೊರಡುವ ಮೋಡದ ಗುಂಪಿನಲ್ಲಿರುತ್ತದೆ. ಜೂನ್‌ನಿಂದ ನವೆಂಬರ್ ತನಕ ಅಲ್ಲಿನ ಕಾಲ.

2024ರ ಅಕ್ಟೋಬರ್‌ನಲ್ಲಿ ಮಗ ಅಲ್ಲೇ ಇದ್ದಿದ್ದರೆ ಮಿಲ್ಟನ್ ನೋಡಿರುತ್ತಾನೆ. ಮೆಕ್ಸಿಕೋ ಕೊಲ್ಲಿಯ ಬಿಸಿ ನೀರಿನ ಮೇಲೆ ಅದು ಒಂದೇ ದಿನದಲ್ಲಿ ಒಂದನೇ ದರ್ಜೆಯಿಂದ ಐದನೇ ದರ್ಜೆಗೆ ಏರಿತು. ಫ್ಲೋರಿಡಾ ಹತ್ತಿರ ಬರುವಾಗ ಮೇಲಿನ ಗಾಳಿ ಅಡ್ಡ ಹೊಡೆದು ಮೂರಕ್ಕೆ ಇಳಿಯಿತು. ಮೇಲೆ ಹೇಳಿದ ಎರಡೂ ಮಾತು ಅದೊಂದರಲ್ಲೇ ಕಂಡವು. ಮಗನಿಗೆ ಒಂದು ಮಾತು ಖಂಡಿತ ಹೇಳಿ: ಗಾಳಿ ಇದ್ದಕ್ಕಿದ್ದಂತೆ ನಿಂತು ಆಕಾಶ ತಿಳಿಯಾದರೆ ಹೊರಗೆ ಬರಬಾರದು. ಅದು ಚಂಡಮಾರುತದ ಕಣ್ಣು. ಅದರ ಸುತ್ತಲಿನ ಮೋಡದ ಗೋಡೆಯಲ್ಲೇ ಎಲ್ಲಕ್ಕಿಂತ ಜೋರು ಗಾಳಿ ಇರುವುದು. ಕಣ್ಣು ದಾಟಿದ ಮೇಲೆ ಅದು ಎದುರು ದಿಕ್ಕಿನಿಂದ ಮತ್ತೆ ಹೊಡೆಯುತ್ತದೆ.

ಪ್ರಶ್ನೆ (ಗದಗ): ಬೇಸಿಗೆಯಲ್ಲಿ ಹೊಲದಲ್ಲಿ ಧೂಳೆಬ್ಬಿಸಿ ತಿರುಗುವ ಸುಂಟರಗಾಳಿ ಇದರ ಮರಿಯಾ ಸರ್?

ಉತ್ತರ: ಇಲ್ಲ. ಅದು ಕಾದ ಒಣ ನೆಲದ ಆಟ, ಕೆಲವೇ ನಿಮಿಷದ್ದು. ಯಾವ ಕಡೆಗೆ ಬೇಕಾದರೂ ತಿರುಗುತ್ತದೆ.

ಪ್ರಶ್ನೆ (ನರಗುಂದ): 2009ರ ಅಕ್ಟೋಬರ್ ನೆರೆಯಲ್ಲಿ ಮಲಪ್ರಭೆ, ಬೆಣ್ಣಿಹಳ್ಳ ಎರಡೂ ಉಕ್ಕಿ ನಮ್ಮ ಊರುಗಳೆಲ್ಲ ಮುಳುಗಿದವು. ಅದು ಯಾವ ಚಂಡಮಾರುತ?

ಉತ್ತರ: ಅದಕ್ಕೆ ಹೆಸರೇ ಇರಲಿಲ್ಲ. ಹೆಸರಿಡುವುದು ಗಾಳಿಯ ವೇಗ ನೋಡಿ. ಗಂಟೆಗೆ 31 ಕಿಲೋಮೀಟರ್ ಮುಟ್ಟಿದರೆ ವಾಯುಭಾರ ಕುಸಿತ. 62 ಮುಟ್ಟಿದರೆ ಚಂಡಮಾರುತ, ಆಗಲೇ 13 ದೇಶಗಳು ಕೊಟ್ಟ ಪಟ್ಟಿಯಿಂದ ಹೆಸರು. 222 ಮುಟ್ಟಿದರೆ ಸೂಪರ್ ಸೈಕ್ಲೋನ್. ಮಳೆ ಎಷ್ಟು ಅನ್ನುವುದಕ್ಕೆ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಗಾಳಿ ಕಡಿಮೆ ಇದ್ದು, ನಿಧಾನ ಚಲಿಸುತ್ತ, ಸಮುದ್ರದಿಂದ ತೇವ ಎಳೆಯುತ್ತಲೇ ಇರುವ ಕಡಿಮೆ ಒತ್ತಡ ನಮ್ಮಂಥ ಒಳನಾಡಿಗೆ ಚಂಡಮಾರುತಕ್ಕಿಂತ ಕೆಟ್ಟದ್ದು. ಅಂದು ನಮ್ಮಲ್ಲಿ ಆದದ್ದೂ ಅದೇ. ಟಿವಿಯಲ್ಲಿ ದೊಡ್ಡ ಹೆಸರು ಬರಲಿಲ್ಲ ಅಂತ ದಯವಿಟ್ಟು ಯಾರೂ ಹಳ್ಳದ ದಂಡೆಯಲ್ಲಿ ಸುಮ್ನೆ ಕೂರಬೇಡಿ.

ಪ್ರಶ್ನೆ (ಬ್ಯಾಡಗಿ ಕಡೆಯ ರೈತರು): ಕೊನೆಯದಾಗಿ ಒಂದು ಸರ್. ಹೋದ ಸಲ ಮಳೆ ಅಂತ ಅರೆ ಒಣಗಿದ ಕಾಯಿ ಮೇಲೆ ಎರಡು ದಿನ ತಾಡಪತ್ರಿ ಮುಚ್ಚಿಟ್ಟೆವು. ಮಳೆ ಹನಿಯಷ್ಟೇ ಬಿತ್ತು. ತೆಗೆದು ನೋಡಿದರೆ ಒಳಮೈಯೆಲ್ಲ ನೀರು, ಕಾಯಿಗೆ ಬೂಷ್ಟು. ಅದೂ ಆವಿಯೇ ಅಲ್ವಾ?

ಉತ್ತರ: ಅದೇ ಆವಿ. ಕಾಯಿಯಿಂದ ಎದ್ದು, ತಣ್ಣಗಿನ ತಾಡಪತ್ರಿಗೆ ತಾಗಿ ಹನಿಯಾಯಿತು, ತಿರುಗಿ ಕಾಯಿ ಮೇಲೇ ಬಿತ್ತು. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ನಿಮ್ಮ ಜಿಲ್ಲೆಯ ಕೃಷಿ ಸಲಹೆ ಬರುತ್ತದೆ, ಅದನ್ನು ನೋಡಿ ಮುಚ್ಚಿ. ತಾಡಪತ್ರಿ ಕಾಯಿಗೆ ತಾಗದ ಹಾಗೆ ನಡುವೆ ಗೂಟ ಕೊಟ್ಟು ಎತ್ತರಿಸಿ, ಎರಡೂ ತುದಿಯಲ್ಲಿ ಗಾಳಿ ಆಡಲು ಜಾಗ ಬಿಡಿ. ಮಳೆ ಹೊಳವಾದ ಕೂಡಲೇ, ಅರ್ಧ ಗಂಟೆಯ ಬಿಸಿಲು ಸಿಕ್ಕರೂ ಸರಿ, ತೆಗೆದು ಕಾಯಿ ಹರವಿರಿ.