ಸಹಾಯ ಬೇಕು: ‘4ರಿಂದ ಭಾಗವಾಗುವ ವರ್ಷ’ ಎಂದಷ್ಟೇ ಹೇಳಿದರೆ ಸಾಕೇ?

ಬ್ಯಾಂಕ್ ಪರೀಕ್ಷೆಗಳ ಡೇಟಾ ಸಫಿಷಿಯೆನ್ಸಿ (ಕೊಟ್ಟ ಹೇಳಿಕೆಗಳು ಉತ್ತರ ಹೇಳಲು ಸಾಕೇ ಎಂದು ನಿರ್ಧರಿಸುವ) ಮಾದರಿಯ ಒಂದು ಪ್ರಶ್ನೆಯ ಕೀ ಉತ್ತರ ಸರಿ ಅನ್ನಿಸುತ್ತಿಲ್ಲ. ಗೊತ್ತಿರುವವರು ದಯವಿಟ್ಟು ನೋಡಿ.

ಪ್ರಶ್ನೆ: ಒಂದು ವರ್ಷದ ಮಾರ್ಚ್ 1 ಯಾವ ವಾರ?
ಹೇಳಿಕೆ 1: ಆ ವರ್ಷದ ಜನವರಿ 1 ಸೋಮವಾರ.
ಹೇಳಿಕೆ 2: ಆ ವರ್ಷ 4ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಕೀ ಪ್ರಕಾರ ಎರಡೂ ಸೇರಿದರೆ ಸಾಕು. ಜನವರಿ 1ರಿಂದ ಮಾರ್ಚ್ 1ಕ್ಕೆ ಸಾಮಾನ್ಯ ವರ್ಷದಲ್ಲಿ 31 + 28 = 59 ದಿನ, 7ರಿಂದ ಭಾಗಿಸಿದರೆ ಶೇಷ 3, ಅಂದರೆ ಗುರುವಾರ. ಅಧಿಕ ವರ್ಷದಲ್ಲಿ 60 ದಿನ, ಶೇಷ 4, ಶುಕ್ರವಾರ. ಹಾಗಾಗಿ ಮೊದಲ ಹೇಳಿಕೆಯೊಂದೇ ಸಾಲದು ಎಂಬುದರಲ್ಲಿ ತಕರಾರಿಲ್ಲ. (ಫೆಬ್ರವರಿ 28 ಕೇಳಿದ್ದರೆ ಅದೊಂದೇ ಸಾಕಿತ್ತು.)

ತೊಡಕಿರುವುದು ಎರಡನೆಯದರಲ್ಲಿ. 1900 ಮತ್ತು 2024 ಎರಡೂ 4ರಿಂದ ಭಾಗವಾಗುತ್ತವೆ, ಎರಡರಲ್ಲೂ ಜನವರಿ 1 ಸೋಮವಾರವೇ. ಆದರೆ 1900 ಶತಮಾನದ ವರ್ಷ, 400ರಿಂದ ಭಾಗವಾಗುವುದಿಲ್ಲ, ಆದ್ದರಿಂದ ಅಧಿಕ ವರ್ಷವಲ್ಲ. ಅಲ್ಲಿ ಮಾರ್ಚ್ 1 ಗುರುವಾರ, 2024ರಲ್ಲಿ ಶುಕ್ರವಾರ. ಎರಡು ಹೇಳಿಕೆಗೂ ಹೊಂದುವ ಎರಡು ಉತ್ತರ ಸಿಕ್ಕ ಮೇಲೆ ‘ಎರಡೂ ಸೇರಿದರೂ ಸಾಲದು’ ಎಂದೇ ಆಗಬೇಕಲ್ಲವೇ?

ಇದಕ್ಕೆ ಹತ್ತಿರದ ಇನ್ನೊಂದು: ಅಣ್ಣ–ತಂಗಿಯ ವಯಸ್ಸುಗಳ ಗುಣಲಬ್ಧ 143, ಅಣ್ಣನ ವಯಸ್ಸೆಷ್ಟು? ವಯಸ್ಸು ಪೂರ್ಣಾಂಕ ಎಂದಿಟ್ಟುಕೊಂಡರೆ 13 × 11 ಅಥವಾ 143 × 1. 143 ವರ್ಷದ ಅಣ್ಣನನ್ನು ಲೋಕಜ್ಞಾನದಿಂದ ಕೈಬಿಟ್ಟು ‘ಇದೊಂದೇ ಸಾಕು’ ಎನ್ನಬಹುದೇ, ಅಥವಾ ‘ವ್ಯತ್ಯಾಸ 2’ ಎಂಬ ಹೇಳಿಕೆಯೂ ಬೇಕೇ? ಇಂಥಲ್ಲಿ ಪರೀಕ್ಷಕರು ಯಾವ ಊಹೆಗಳನ್ನು ಒಪ್ಪುತ್ತಾರೆ, ಕಾರಣ ಸಹಿತ ತಿಳಿಸಿ.